ಹೆಸರು ಜಿನೀವಾದ್ದು, ಕೆಲಸ ರಾಯಚೂರಿನದ್ದು: ಅಂತರರಾಷ್ಟ್ರೀಯ ಸೇವಾ ಸಂಸ್ಥೆಯ ಶಾಖೆಗೆ ಯಾವ ಆಡಳಿತ ಮಾದರಿ ಸರಿ?

2009ರ ಅಕ್ಟೋಬರ್ 2, ಶುಕ್ರವಾರ. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ಎರಡೂ ತುಂಬಿ ರಾಯಚೂರು ಜಿಲ್ಲೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ನಾನಾಗ ಒಂದು ಅಂತರರಾಷ್ಟ್ರೀಯ ಸೇವಾ ಸಂಸ್ಥೆಯ ಜಿಲ್ಲಾ ಘಟಕದಲ್ಲಿ ಸಹ ಕಾರ್ಯದರ್ಶಿ. ನಮ್ಮ ಗೋದಾಮಿನಲ್ಲಿ ಹೊದಿಕೆ ಇದ್ದವು, ಟಾರ್ಪಾಲು ಇದ್ದವು, ಹಂಚೋಕೆ ಹುಡುಗರೂ ತಯಾರಿದ್ದರು. ಇಲ್ಲದೇ ಇದ್ದದ್ದು ಟ್ರ್ಯಾಕ್ಟರ್ ಬಾಡಿಗೆ ಕೊಡುವ ಅಧಿಕಾರ. ನಮ್ಮ ಕಾರ್ಯದರ್ಶಿಯವರು ತಮ್ಮ ಸಹಿ ಮೇಲೆ ಎರಡು ಸಾವಿರ ರೂಪಾಯಿ ಖರ್ಚು ಮಾಡಬಹುದಿತ್ತು. ಅದರ ಮೇಲೆ ಒಂದು ರೂಪಾಯಿ ಆದರೂ ದೆಹಲಿ ಕಚೇರಿಯ ಒಪ್ಪಿಗೆ ಬೇಕು. ಅವತ್ತು ಗಾಂಧಿ ಜಯಂತಿ ರಜೆ. ಮರುದಿನ ಶನಿವಾರ, ಆಮೇಲೆ ಭಾನುವಾರ. ಒಪ್ಪಿಗೆಯ ಮೇಲ್ ಬಂದಿದ್ದು ಸೋಮವಾರ ಮಧ್ಯಾಹ್ನ.

ಅಷ್ಟರಲ್ಲಿ ನಮ್ಮ ಖಜಾಂಚಿ ಅಕ್ಕ ಮನೆಯ ದುಡ್ಡು ಹಾಕಿ ಮೂರು ಟ್ರ್ಯಾಕ್ಟರ್ ಕಳಿಸಿಬಿಟ್ಟಿದ್ದರು. ಡ್ರೈವರುಗಳಿಂದ ಬಿಳಿ ಹಾಳೆಯಲ್ಲಿ ರಸೀದಿ ಬರೆಸಿ, ರೆವೆನ್ಯೂ ಸ್ಟಾಂಪ್ ಹಚ್ಚಿಸಿ, ಫೈಲಿಗೆ ಸೇರಿಸಿದ್ದರು. ಮುಂದೆ ಆಡಿಟ್‌ನಲ್ಲಿ ಅದಕ್ಕೇ ಆಕ್ಷೇಪಣೆ ಬಂತು: ಮುಂಚಿತ ಅನುಮತಿ ಇಲ್ಲದ ಖರ್ಚು. ಆ ಹಣ ಅವರ ಕೈಗೆ ವಾಪಸ್ ಬರೋಕೆ ಒಂದು ವರ್ಷ ಹಿಡಿಯಿತು.

ದೆಹಲಿಯಲ್ಲಿ ಕೂತಿದ್ದವರು ಕೆಟ್ಟವರೇನಲ್ಲ. ಆಡಿಟರ್ ಕೂಡ ಬೈಲಾದಲ್ಲಿ ಇದ್ದದ್ದನ್ನೇ ನೋಡಿ ಬರೆದರು. ತಪ್ಪು ಇದ್ದದ್ದು ಬೈಲಾದಲ್ಲಿ. ಅದನ್ನು ಬರೆಯುವಾಗ ನಮ್ಮ ಕಡೆಯವರು ಯಾರೂ ಆ ಕೋಣೆಯಲ್ಲಿ ಇರಲಿಲ್ಲ.

ಈಗ ಬಳ್ಳಾರಿ, ಸಿಂಧನೂರು, ಕೊಪ್ಪಳದ ಗೆಳೆಯರು ಆಗಾಗ ಫೋನ್ ಮಾಡುತ್ತಾರೆ. ಇಂಥ ಸಂಸ್ಥೆಯವರು ನಮ್ಮಲ್ಲಿ ಶಾಖೆ ಮಾಡಿ ಅಂತಿದ್ದಾರೆ, ಸಂಘ ಮಾಡೋಣವಾ, ಟ್ರಸ್ಟ್ ಮಾಡೋಣವಾ ಅಂತ ಕೇಳುತ್ತಾರೆ. ಸಂಘವೋ ಟ್ರಸ್ಟೋ ಅನ್ನೋದು ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ಯಾವ ಆಡಳಿತ ಮಾದರಿ ಅನ್ನೋದು. ಅದಕ್ಕೆ ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ರೈತರೇ ದಾರಿ ತೋರಿಸುತ್ತಾರೆ. ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಅನ್ನೋದರ ಮೇಲೆ ಕೊನೆಭಾಗದ ರೈತ ಭತ್ತ ನಾಟಿ ಮಾಡೋದಿಲ್ಲ. ತನ್ನ ಹೊಲದ ಹತ್ತಿರ ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟಿದೆ ಅಂತ ನೋಡುತ್ತಾನೆ. ಶಾಖೆ ಕಟ್ಟುವವರೂ ಹಾಗೇ ಕೊನೆಭಾಗದಲ್ಲಿ ನಿಂತು ನೋಡಬೇಕು. ಮಾನ್ವಿಯಲ್ಲೋ ಕುಷ್ಟಗಿಯಲ್ಲೋ ಇರುವ ಕಾರ್ಯದರ್ಶಿಗೆ ಎಷ್ಟು ರೂಪಾಯಿಯ ಅಧಿಕಾರ ಬರುತ್ತದೆ? ಎಷ್ಟು ಮತ ಬರುತ್ತದೆ? ಜಗಳವಾದರೆ ಕೈಯಲ್ಲಿ ಏನು ಉಳಿಯುತ್ತದೆ? ಈ ಮೂರನ್ನೂ ಇಟ್ಟುಕೊಂಡು ಮಾದರಿಗಳನ್ನು ಹೋಲಿಸೋಣ.

ಕಾನೂನಿನಿಂದಲೇ ಹುಟ್ಟಿದ್ದು

ರೆಡ್ ಕ್ರಾಸ್ ಒಂದು ಬೇರೆಯೇ ಜಾತಿ. ಒಂದು ದೇಶದಲ್ಲಿ ಒಂದೇ ರಾಷ್ಟ್ರೀಯ ಸಂಸ್ಥೆ ಇರಬೇಕು ಅನ್ನೋದು ಅದರ ಏಳು ಮೂಲತತ್ವಗಳಲ್ಲಿ ಒಂದು. ಭಾರತೀಯ ರೆಡ್ ಕ್ರಾಸ್ ಸಂಸ್ಥೆ 1920ರ ಕಾಯ್ದೆಯಿಂದ ಹುಟ್ಟಿದೆ. ರಾಷ್ಟ್ರಪತಿ ಅದರ ಅಧ್ಯಕ್ಷರು, ರಾಜ್ಯ ಶಾಖೆಗೆ ರಾಜ್ಯಪಾಲರು, ಜಿಲ್ಲೆಗೆ ಜಿಲ್ಲಾಧಿಕಾರಿ. ಜಿನೀವಾದಲ್ಲಿರುವ ಒಕ್ಕೂಟದ ಮಹಾಸಭೆಯಲ್ಲಿ ಪ್ರತಿ ದೇಶದ ಸಂಸ್ಥೆಗೂ ಒಂದೇ ಮತ. ದೊಡ್ಡ ದೇಶಕ್ಕೆ ಜಾಸ್ತಿ ಇಲ್ಲ, ಸಣ್ಣದಕ್ಕೆ ಕಡಿಮೆ ಇಲ್ಲ.

ಇದರ ಬಲ ಪ್ರವಾಹದ ದಿನ ಗೊತ್ತಾಗುತ್ತದೆ. ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿದ್ದರೆ ಟ್ರ್ಯಾಕ್ಟರ್ ಮಾತ್ರ ಅಲ್ಲ, ದೋಣಿಯೂ ಬರುತ್ತದೆ. ಆದರೆ ಜಿಲ್ಲಾಧಿಕಾರಿಗೆ ನೂರೆಂಟು ಕೆಲಸ, ಎರಡು ಮೂರು ವರ್ಷಕ್ಕೆ ವರ್ಗಾವಣೆ. ಘಟಕ ಚುರುಕಾಗಿ ಇರೋದು ಕೆಳಗಿನ ಸಮಿತಿ ಎಷ್ಟು ಗಟ್ಟಿಯಾಗಿದೆ ಅನ್ನೋದರ ಮೇಲೆ. ಹೊಸದಾಗಿ ಶಾಖೆ ಕಟ್ಟುವವರು ಈ ಮಾದರಿಯನ್ನು ಆರಿಸಿಕೊಳ್ಳೋಕೆ ಬರೋದಿಲ್ಲ, ಅದಕ್ಕೆ ಸಂಸತ್ತೇ ಬೇಕು. ನಿಮಗೆ ರಕ್ತದಾನ, ಪ್ರಥಮ ಚಿಕಿತ್ಸೆಯಲ್ಲಿ ಮನಸ್ಸಿದ್ದರೆ ಹೊಸದನ್ನು ಕಟ್ಟಬೇಡಿ. ಇರುವ ಜಿಲ್ಲಾ ಶಾಖೆಯ ಸದಸ್ಯರಾಗಿ. ಅಂದ ಹಾಗೆ, ಕೆಂಪು ಶಿಲುಬೆಯ ಗುರುತನ್ನು ಬೇರೆಯವರು ಬೋರ್ಡಿಗೆ ಹಾಕಿಕೊಳ್ಳುವಂತಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯಲ್ಲಿ ಅದಕ್ಕೆ ತಡೆ ಇದೆ. ನಮ್ಮೂರ ಎಷ್ಟೋ ಕ್ಲಿನಿಕ್ಕಿನವರಿಗೆ ಇದು ಗೊತ್ತಿಲ್ಲ.

ರಾಷ್ಟ್ರೀಯ ಶಾಖೆಯೇ ಇಲ್ಲದ್ದು

ರೋಟರಿಯಲ್ಲಿ ಭಾರತ ಶಾಖೆ ಅಂತ ಮೇಲೆ ಕೂತ ಯಜಮಾನ ಇಲ್ಲ. ಪ್ರತಿ ಕ್ಲಬ್ಬೂ ನೇರವಾಗಿ ಅಂತರರಾಷ್ಟ್ರೀಯ ಸಂಸ್ಥೆಯ ಸದಸ್ಯ. ಕ್ಲಬ್ಬುಗಳನ್ನು ಸೇರಿಸಿ ‘ಡಿಸ್ಟ್ರಿಕ್ಟ್’ ಮಾಡಿರುತ್ತಾರೆ. ಅದು ಸರ್ಕಾರದ ಜಿಲ್ಲೆಯಲ್ಲ, ರಾಜ್ಯದ ಗಡಿ ದಾಟಿಯೂ ಇರಬಹುದು. ನಿಯಮ ಬದಲಾಯಿಸುವ ಸಭೆ ಮೂರು ವರ್ಷಕ್ಕೊಮ್ಮೆ ಸೇರುತ್ತದೆ. ಅಲ್ಲಿಗೆ ಪ್ರತಿ ಡಿಸ್ಟ್ರಿಕ್ಟಿನಿಂದ ಒಬ್ಬ ಪ್ರತಿನಿಧಿ ಹೋಗುತ್ತಾರೆ.

ಜುಲೈ 1ಕ್ಕೆ ಹೊಸ ಅಧ್ಯಕ್ಷರು ಬರುತ್ತಾರೆ, ಜೂನ್ 30ಕ್ಕೆ ಇಳಿಯುತ್ತಾರೆ. ಯಾರೂ ಕುರ್ಚಿಗೆ ಅಂಟಿಕೊಳ್ಳೋದಿಲ್ಲ. ನಮ್ಮ ಕಡೆ ಒಬ್ಬರೇ ಇಪ್ಪತ್ತು ವರ್ಷ ಅಧ್ಯಕ್ಷರಾಗಿರುವ ಸಂಘಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆದರೆ ಮೂರು ವರ್ಷ ಬೇಡುವ ಕೆಲಸ, ಉದಾಹರಣೆಗೆ ಫ್ಲೋರೈಡ್ ನೀರಿನ ಊರುಗಳಲ್ಲಿ ಶುದ್ಧ ನೀರಿನ ಘಟಕ ಹಾಕಿ ನಡೆಸೋದು, ಮೂವರು ಅಧ್ಯಕ್ಷರ ಕೈ ದಾಟಬೇಕಾಗುತ್ತದೆ. ಸ್ವಂತ ಚಂದಾದಲ್ಲಿ ಊರ ಕೆಲಸ ಮಾಡುವ ಗುಂಪಿಗೆ ಇದು ಒಳ್ಳೆಯ ಮಾದರಿ. ಸಂಬಳದ ಸಿಬ್ಬಂದಿ ಇಟ್ಟು ವರ್ಷಗಟ್ಟಲೆ ಮಾಡುವ ಕೆಲಸಕ್ಕೆ ಅಲ್ಲ.

ಕೇಂದ್ರ ಕಚೇರಿಯ ಸ್ವಂತ ಆಫೀಸು

2009ರಲ್ಲಿ ನಮ್ಮದು ಇದೇ ಬಗೆ. ದೆಹಲಿಯಲ್ಲೋ ಬೆಂಗಳೂರಲ್ಲೋ ಕಚೇರಿ, ನಿರ್ದೇಶಕರನ್ನು ಹೊರದೇಶದಿಂದಲೇ ನೇಮಿಸುತ್ತಾರೆ, ಜಿಲ್ಲೆಯಲ್ಲಿ ಇರೋದು ಬರೀ ಕೈಕಾಲು. ವಿದೇಶಿ ಸಂಸ್ಥೆ ನೇರವಾಗಿ ಇಲ್ಲಿ ಕಚೇರಿ ತೆರೆಯೋಕೆ ವಿದೇಶಿ ವಿನಿಮಯ ಕಾನೂನಿನಡಿ ರಿಸರ್ವ್ ಬ್ಯಾಂಕಿನ ಮುಂಚಿತ ಒಪ್ಪಿಗೆ ಬೇಕು. ಅದನ್ನೂ ಕೇಂದ್ರ ಸರ್ಕಾರವನ್ನು ಕೇಳಿಯೇ ಕೊಡುತ್ತಾರೆ. ಲೆಕ್ಕ ಅಚ್ಚುಕಟ್ಟಾಗಿ ಇರುತ್ತದೆ, ಹೆಸರಿನ ದುರುಪಯೋಗ ಕಡಿಮೆ. ಕೊನೆಭಾಗದಲ್ಲಿ ಗೇಜ್ ಮಾತ್ರ ಸೊನ್ನೆ. ನಿಮ್ಮನ್ನು ‘ಜಿಲ್ಲಾ ಸಮಿತಿ’ ಅಂತ ಕರೆದರೂ ಕಾನೂನಿನ ಕಣ್ಣಲ್ಲಿ ನೀವು ಯಾರೂ ಅಲ್ಲ. ಇದಕ್ಕೆ ಕರೆದರೆ ಸ್ವಯಂಸೇವಕರಾಗಿ ಹೋಗಿ, ಪದಾಧಿಕಾರಿ ಅನ್ನುವ ಹೆಸರು ಮಾತ್ರ ಬೇಡ. ಹೊಣೆ ನಿಮ್ಮದು, ಅಧಿಕಾರ ಇನ್ನೊಬ್ಬರದು ಆಗುತ್ತದೆ.

ನಮ್ಮದೇ ಸಂಸ್ಥೆ, ಅವರ ಹೆಸರು

ಈಗ ಹೆಚ್ಚಿನವರು ಕೇಳೋದು ಇದನ್ನೇ. ಭಾರತದಲ್ಲಿ ಇಲ್ಲಿನವರೇ ಸೇರಿ ಸಂಸ್ಥೆ ನೋಂದಾಯಿಸುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆ ಒಪ್ಪಂದದ ಮೇಲೆ ಹೆಸರು, ಲಾಂಛನ ಬಳಸೋಕೆ ಬಿಡುತ್ತದೆ. ವನ್ಯಜೀವಿ ಸಂರಕ್ಷಣೆಯ ಡಬ್ಲ್ಯುಡಬ್ಲ್ಯುಎಫ್-ಇಂಡಿಯಾ 1969ರಲ್ಲಿ ದತ್ತಿ ಟ್ರಸ್ಟ್ ಆಗಿ ಶುರುವಾಯಿತು. ಬಡತನದ ವಿರುದ್ಧ ಕೆಲಸ ಮಾಡುವ ಆಕ್ಷನ್‌ಏಡ್ ತನ್ನ ಅಂತರರಾಷ್ಟ್ರೀಯ ಕೇಂದ್ರವನ್ನೇ ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಸಾಗಿಸಿ, ದೇಶದ ಕಚೇರಿಗಳನ್ನು ಸ್ವತಂತ್ರ ಸಂಸ್ಥೆಗಳಾಗಿ ಬೆಳೆಸುವ ದಾರಿ ಹಿಡಿಯಿತು.

ಇದರಲ್ಲಿ ನಮಗೆ ಹತ್ತಿರದ ಪಾಠ ಬೆಂಗಳೂರಿನದ್ದು. ವಿಕಿಮೀಡಿಯಾ ಇಂಡಿಯಾ ಚಾಪ್ಟರ್ 2011ರಲ್ಲಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿ ನೋಂದಣಿಯಾಯಿತು. 2019ರಲ್ಲಿ ವಿಕಿಪೀಡಿಯ ನಡೆಸುವ ವಿಕಿಮೀಡಿಯಾ ಫೌಂಡೇಶನ್ ಅದರ ಮಾನ್ಯತೆ ತೆಗೆದುಹಾಕಿತು. ಮಾನ್ಯತೆ ಹೋದರೆ ಆ ಹೆಸರು, ಲಾಂಛನ ಬಳಸುವ ಹಕ್ಕೂ ಹೋಗುತ್ತದೆ. ಸಂಘದ ನೋಂದಣಿ ಇಲ್ಲಿನ ಕಾನೂನಿನದ್ದು, ಹೆಸರು ಅವರದ್ದು. ಇವೆರಡು ಬೇರೆ ಬೇರೆ ದಾರ ಅನ್ನೋದನ್ನು ಶಾಖೆ ಕಟ್ಟುವಾಗಲೇ ನೆನಪಿಡಬೇಕು. ಅದೇ ವಿಕಿಮೀಡಿಯಾದಲ್ಲಿ ಚಾಪ್ಟರ್‌ಗಿಂತ ಹಗುರವಾದ ‘ಯೂಸರ್ ಗ್ರೂಪ್’ ಅನ್ನೋದಿದೆ. ಅದಕ್ಕೆ ನೋಂದಣಿಯೇ ಬೇಕಿಲ್ಲ. ನಮ್ಮ ಕರಾವಳಿಯವರು ಅಂಥ ಗುಂಪು ಕಟ್ಟಿಕೊಂಡು ಕನ್ನಡ, ತುಳುವಿನ ಕೆಲಸ ಮಾಡುತ್ತಿದ್ದಾರೆ. ನಿಮ್ಮ ಸಂಸ್ಥೆಯಲ್ಲೂ ಇಂಥ ಹಗುರ ದರ್ಜೆ ಇದೆಯಾ ಅಂತ ಮೊದಲು ಕೇಳಿ. ಹತ್ತು ಜನರ ಗುಂಪಿಗೆ ಬೈಲಾ, ಆಡಿಟ್, ಪ್ಯಾನ್ ಕಾರ್ಡ್ ಎಲ್ಲ ಸುಮ್ನೆ ಭಾರ. ಎರಡು ವರ್ಷ ಕೆಲಸ ಮಾಡಿ ನೋಡಿ, ಆಮೇಲೆ ನೋಂದಣಿ.

ಹಣ ಯಾವ ದಾರಿಯಲ್ಲಿ ಬರುತ್ತದೆ?

ಮಾದರಿ ಆರಿಸುವಾಗ ಎಲ್ಲರೂ ಎಡವುವ ಜಾಗ ಇದು. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗುತ್ತೇನೆ.

ವಿದೇಶಿ ವಂತಿಗೆ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, 2010ರದ್ದು. 2020ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಬಂತು. ಅದಕ್ಕೂ ಮೊದಲು ದೆಹಲಿಯ ರಾಷ್ಟ್ರೀಯ ಶಾಖೆ ಹೊರಗಿನಿಂದ ಬಂದ ಹಣವನ್ನು ಎಫ್‌ಸಿಆರ್‌ಎ ನೋಂದಣಿ ಇದ್ದ ಜಿಲ್ಲಾ ಸಂಘಕ್ಕೆ ದಾಟಿಸಬಹುದಿತ್ತು. ಈಗ ಆಗೋದಿಲ್ಲ. ಇಬ್ಬರಿಗೂ ನೋಂದಣಿ ಇದ್ದರೂ ಆಗೋದಿಲ್ಲ. ಯಾರ ಖಾತೆಗೆ ಬಂತೋ ಅವರೇ ಖರ್ಚು ಮಾಡಬೇಕು.

ಇದನ್ನು ಲಿಂಗಸುಗೂರಿನ ಒಂದು ಹಳ್ಳಿಗೆ ಇಳಿಸಿ ನೋಡಿ. ಫ್ಲೋರೈಡ್ ಇಲ್ಲದ ನೀರಿಗಾಗಿ ಹೊರದೇಶದಿಂದ ರಾಷ್ಟ್ರೀಯ ಶಾಖೆಗೆ ಹಣ ಬಂದಿದೆ ಅಂದುಕೊಳ್ಳಿ. ನೀವು ರಾಯಚೂರಿನಲ್ಲಿ ಪ್ರತ್ಯೇಕ ಸಂಘ. ಆಗ ರಾಷ್ಟ್ರೀಯ ಶಾಖೆ ತಾನೇ ಟೆಂಡರ್ ಕರೆದು, ತಾನೇ ಬಿಲ್ ಪಾವತಿ ಮಾಡಿ, ತನ್ನದೇ ಸಿಬ್ಬಂದಿ ಇಡಬೇಕು. ನಿಮ್ಮ ಪಾಲಿಗೆ ಬರೋದು ಊರವರನ್ನು ಕರೆದು ಸಭೆ ಮಾಡಿಸೋದು ಅಷ್ಟೇ. ಅದರ ಬದಲು ನೀವು ಅದೇ ಸಂಸ್ಥೆಯ ಘಟಕವಾಗಿದ್ದರೆ ಕಥೆ ಬೇರೆ. ವಿದೇಶಿ ಹಣ ಮೊದಲು ಬರಬೇಕಾದ್ದು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಅಲ್ಲಿಂದ ಸಂಸ್ಥೆ ಬೇರೆ ಊರಿನ ಬ್ಯಾಂಕಿನಲ್ಲಿ ‘ಬಳಕೆ ಖಾತೆ’ ತೆರೆಯಬಹುದು. ಅಂಥ ಖಾತೆ ರಾಯಚೂರಿನಲ್ಲೇ ಇರಬಹುದು, ಸಹಿ ನಿಮ್ಮ ಖಜಾಂಚಿಯದ್ದೇ ಇರಬಹುದು.

ಅಂದರೆ 2020ರ ನಂತರ ವಿದೇಶಿ ಹಣದ ಮಟ್ಟಿಗೆ, ಕಾಗದದ ಮೇಲೆ ಸ್ವತಂತ್ರವಾದ ಜಿಲ್ಲಾ ಸಂಘಕ್ಕಿಂತ ಅಧಿಕಾರ ಇರುವ ಘಟಕವೇ ಮೇಲು. ಮೊದಲು ನಾನೂ ಸ್ವಂತ ನೋಂದಣಿಯೇ ಬೇಕು ಅಂತ ವಾದ ಮಾಡುತ್ತಿದ್ದೆ. ಈ ತಿದ್ದುಪಡಿ ಬಂದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡೆ.

ಹಾಗಾದರೆ ನಾವೇ ಎಫ್‌ಸಿಆರ್‌ಎ ತಗೊಂಡರೆ ಅಂತ ಕೇಳುತ್ತೀರಿ. ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು. ಹಿಂದಿನ ಮೂರು ಆರ್ಥಿಕ ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಸಿಕ್ಕಿದ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಡಳಿತ ವೆಚ್ಚ ಮೊದಲು 50 ಪ್ರತಿಶತದವರೆಗೆ ಇರಬಹುದಿತ್ತು, ಈಗ 20. ಹೊಸ ಸಂಸ್ಥೆಗೆ ‘ಮುಂಚಿತ ಅನುಮತಿ’ ಅನ್ನುವ ದಾರಿ ಇದೆ, ಇಂಥ ದಾನಿಯಿಂದ ಇಂತಿಷ್ಟು ಹಣ ಅಂತ. ಅದರಲ್ಲಿ ಆಡಳಿತದವರು ಗಮನಿಸಬೇಕಾದ ಒಂದು ಷರತ್ತಿದೆ. ಹಣ ಪಡೆಯುವ ಸಂಸ್ಥೆಯ ಮುಖ್ಯಸ್ಥರು ದಾನಿ ಸಂಸ್ಥೆಯವರಾಗಿರಬಾರದು. ಆಡಳಿತ ಮಂಡಳಿಯಲ್ಲಿ ಕನಿಷ್ಠ 75 ಪ್ರತಿಶತ ಜನ ದಾನಿ ಸಂಸ್ಥೆಯ ಸದಸ್ಯರೂ ನೌಕರರೂ ಅಲ್ಲದವರಾಗಿರಬೇಕು. ನಮ್ಮವರನ್ನೇ ನಿಮ್ಮ ಬೋರ್ಡಿನಲ್ಲಿ ತುಂಬುತ್ತೇವೆ ಅನ್ನುವ ಕೇಂದ್ರ ಕಚೇರಿಗೆ ಈ ಸಾಲನ್ನು ತೋರಿಸಿ.

ಒಂದೇ ಕೊಳವೆಗೆ ಎಲ್ಲವನ್ನೂ ಕಟ್ಟಿದರೆ ಅಪಾಯವೂ ಇದೆ. 2020ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಅಮ್ನೆಸ್ಟಿ ತನ್ನ ಬ್ಯಾಂಕ್ ಖಾತೆಗಳು ಸ್ಥಗಿತಗೊಂಡ ಮೇಲೆ ಭಾರತದಲ್ಲಿ ಕೆಲಸ ನಿಲ್ಲಿಸಿತು. ಮೇಲಿನ ಖಾತೆ ನಿಂತರೆ ಅದರ ಕೆಳಗಿನ ಎಲ್ಲ ಘಟಕದ ಸಂಬಳವೂ ನಿಲ್ಲುತ್ತದೆ. ಅದಕ್ಕೆ ಘಟಕವಾಗಿ ಸೇರುವವರು ಊರ ಚಂದಾದ ಖಾತೆಯನ್ನು ಪ್ರತ್ಯೇಕ ಇಟ್ಟುಕೊಳ್ಳಲಿ, ಆರು ತಿಂಗಳ ಬಾಡಿಗೆ, ಸಂಬಳದಷ್ಟಾದರೂ ಅದರಲ್ಲಿರಲಿ.

ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರು ಜಿಲ್ಲೆಗಳಿಗೆ ಇನ್ನೊಂದು ದಾರಿಯೂ ಇದೆ, ಅದನ್ನು ನಾವು ಮರೆಯುತ್ತೇವೆ. ಸಂಡೂರು, ತೋರಣಗಲ್ಲಿನ ಗಣಿ ಮತ್ತು ಉಕ್ಕು, ಶಕ್ತಿನಗರದ ವಿದ್ಯುತ್, ಹಟ್ಟಿಯ ಚಿನ್ನ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯ 2 ಪ್ರತಿಶತವನ್ನು ಸಾಮಾಜಿಕ ಹೊಣೆಯ ಕೆಲಸಕ್ಕೆ ಹಾಕಬೇಕು. ಆ ಹಣವನ್ನು ನೇರವಾಗಿ ಪಡೆಯೋಕೆ ಸ್ವಂತ ನೋಂದಣಿ, 12ಎ, 80ಜಿ ಅಂತ ಕರೆಯುವ ಆದಾಯ ತೆರಿಗೆ ನೋಂದಣಿಗಳು ಮತ್ತು ಕಂಪನಿ ಇಲಾಖೆಗೆ ಕೊಡುವ ಸಿಎಸ್ಆರ್-1 ಅರ್ಜಿ ಬೇಕು. ಘಟಕಕ್ಕೆ ತನ್ನ ಹೆಸರಲ್ಲಿ ಇವು ಸಿಗೋದಿಲ್ಲ. ಹೀಗಾಗಿ ನಿಮ್ಮ ಹಣ ಮುಖ್ಯವಾಗಿ ಇಲ್ಲಿಂದಲೇ ಬರೋದಾದರೆ ಪ್ರತ್ಯೇಕ ಸಂಘ ಮಾಡಿ. ಹೊರಗಿನಿಂದ ಬರೋದಾದರೆ ಘಟಕವಾಗಿ. ಎರಡೂ ಬೇಕು ಅಂತ ಶುರುವಿಗೇ ಎರಡು ದೋಣಿಯಲ್ಲಿ ಕಾಲಿಟ್ಟ ಗುಂಪುಗಳು ಲೆಕ್ಕದಲ್ಲೇ ಸುಸ್ತಾಗುತ್ತವೆ.

ಹಣ ಆ ಕಡೆ ಹೋಗುವ ವಿಚಾರವನ್ನೂ ಕೇಳಿಕೊಳ್ಳಿ. ಕೆಲವು ಅಂತರರಾಷ್ಟ್ರೀಯ ಸಂಸ್ಥೆಗಳು ಶಾಖೆಯಿಂದ ವಾರ್ಷಿಕ ಸದಸ್ಯತ್ವ ಶುಲ್ಕ ಕೇಳುತ್ತವೆ. ದತ್ತಿ ಸಂಸ್ಥೆ ದೇಶದ ಹೊರಗೆ ಕಳಿಸಿದ ಹಣ ತೆರಿಗೆ ವಿನಾಯಿತಿಯ ಲೆಕ್ಕಕ್ಕೆ ಸಲೀಸಾಗಿ ಬರೋದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಚಾರ್ಟರ್ಡ್ ಅಕೌಂಟೆಂಟ್‌ಗೆ ಆ ಒಂದು ಪುಟ ತೋರಿಸಿ.

ಸಂಘವೋ, ಟ್ರಸ್ಟೋ, ಕಂಪನಿಯೋ?

ಇದು ಸುಲಭ. ಟ್ರಸ್ಟ್ ಅಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಒಂದು ಪತ್ರ, ಒಂದಿಷ್ಟು ಟ್ರಸ್ಟಿಗಳು, ಸಾಮಾನ್ಯವಾಗಿ ಚುನಾವಣೆ ಇಲ್ಲ. ಆಸ್ತಿ ಕಾಯೋಕೆ ಒಳ್ಳೆಯದು, ಸದಸ್ಯರ ಸಂಸ್ಥೆಗೆ ಒಳ್ಳೆಯದಲ್ಲ. ಸೆಕ್ಷನ್ 8 ಕಂಪನಿಗೆ, ಅಂದರೆ ಲಾಭಕ್ಕಲ್ಲದ ಕಂಪನಿಗೆ, ದೇಶದ ಎಲ್ಲ ಕಡೆ ಒಂದೇ ಕಾನೂನು. ಹಾಗಾಗಿ ರಾಷ್ಟ್ರೀಯ ಶಾಖೆಗೆ ಅದು ಹೊಂದುತ್ತದೆ. ಆದರೆ ವರ್ಷಾವರ್ಷ ಕಂಪನಿ ಇಲಾಖೆಗೆ ದಾಖಲೆ ಸಲ್ಲಿಸೋಕೆ ಒಬ್ಬ ಕಂಪನಿ ಕಾರ್ಯದರ್ಶಿಗೆ ಶುಲ್ಕ ಕೊಡಲೇಬೇಕು. ಗಂಗಾವತಿಯ ಗುಂಪಿಗೆ ಅದು ಜಾಸ್ತಿ.

ಜಿಲ್ಲೆಗೆ ನನ್ನ ಮತ ಸಂಘಕ್ಕೇ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸಾಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಿಟ್ ಆದ ಲೆಕ್ಕ, ಪದಾಧಿಕಾರಿಗಳ ಪಟ್ಟಿ, ಇಷ್ಟನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಕೊಡಬೇಕು. ನಮ್ಮ ಕಡೆ ಇದಕ್ಕೆ ‘ರಿನಿವಲ್’ ಅಂತಾರೆ. ಅದನ್ನು ಮೂರು ವರ್ಷ ಬಿಟ್ಟು ಆಮೇಲೆ ಒಟ್ಟಿಗೆ ಮಾಡಿಸೋಣ ಅನ್ನುವ ಚಾಳಿ ಬೇಡ. ಜಗಳವಾದ ದಿನ ಯಾರು ನಿಜವಾದ ಕಾರ್ಯದರ್ಶಿ ಅನ್ನೋದಕ್ಕೆ ಆ ಪಟ್ಟಿಯೇ ಸಾಕ್ಷಿ. ಒಂದು ಸಂಘದಲ್ಲಿ ನಡಾವಳಿ ಪುಸ್ತಕದ ಹಾಳೆಗಳ ನಡುವೆ ಬೇಕಂತಲೇ ಜಾಗ ಬಿಟ್ಟು, ಆಮೇಲೆ ಠರಾವು ತುಂಬಿದ್ದನ್ನು ನಾನೇ ಕಂಡಿದ್ದೇನೆ. ಶಾಯಿಯ ಬಣ್ಣವೇ ಬೇರೆ ಇತ್ತು. ಅವತ್ತಿನಿಂದ ನಡಾವಳಿ ಮುಗಿದ ಕೂಡಲೇ ಕೆಳಗೆ ಅಡ್ಡಗೆರೆ ಎಳೆಸಿ, ಗೆರೆಯ ಮೇಲೆ ಅಧ್ಯಕ್ಷರ ಸಹಿ ಹಾಕಿಸುತ್ತೇನೆ. ಕೆಳಗಿನವರ ಸ್ವಾತಂತ್ರ್ಯದ ಬಗ್ಗೆ ಇಷ್ಟು ಮಾತಾಡುವ ನಾನು ಮೇಲಿನವರ ತಪಾಸಣೆಯೂ ಬೇಕು ಅನ್ನೋದು ಇದನ್ನು ನೋಡಿದ್ದಕ್ಕೇ. ವರ್ಷಕ್ಕೊಮ್ಮೆ ರಾಷ್ಟ್ರೀಯ ಶಾಖೆಯವರು ಬಂದು ಪುಸ್ತಕ ನೋಡಲಿ.

ಸಹಿಗೆ ಮೊದಲು ಬರೆಸಿಕೊಳ್ಳಬೇಕಾದ್ದು

ಎರಡು ಸಾವಿರದ ಮಿತಿಯ ಮಾತಿಗೆ ವಾಪಸ್ ಬರುತ್ತೇನೆ. ಬೈಲಾದಲ್ಲೋ ಅಧಿಕಾರ ಹಂಚಿಕೆಯ ಪಟ್ಟಿಯಲ್ಲೋ ಎರಡು ಅಂಕಿ ಇರಲಿ: ದಿನನಿತ್ಯದ ಮಿತಿ, ತುರ್ತು ಮಿತಿ. ಜಿಲ್ಲಾಡಳಿತ ಪ್ರವಾಹ ಅಂತಲೋ ಬರ ಅಂತಲೋ ಘೋಷಿಸಿದ ದಿನದಿಂದ ತುರ್ತು ಮಿತಿ ತಾನಾಗೇ ಜಾರಿಗೆ ಬರಬೇಕು. ಕಾರ್ಯದರ್ಶಿ, ಖಜಾಂಚಿ ಇಬ್ಬರ ಸಹಿ, ಹದಿನೈದು ದಿನದಲ್ಲಿ ಲೆಕ್ಕ. ಅನುಮತಿ ಕೇಳಿ 24 ಗಂಟೆಯಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಕೊಟ್ಟಂತೆ ಅನ್ನುವ ಸಾಲೂ ಸೇರಲಿ. ಮೇಲಿನವರು ಈ ಸಾಲಿಗೆ ತಕರಾರು ಮಾಡುತ್ತಾರೆ. ಬಿಡಬೇಡಿ.

ಮತದ ವಿಷಯ. ಅಂತರರಾಷ್ಟ್ರೀಯ ಮಟ್ಟದಲ್ಲಿ ದೇಶಕ್ಕೊಂದು ಮತ ಅಂತ ಹೆಮ್ಮೆಯಿಂದ ಹೇಳುವ ಕೆಲವು ಸಂಸ್ಥೆಗಳೂ ದೇಶದೊಳಗೆ ಸದಸ್ಯರ ಸಂಖ್ಯೆ ನೋಡಿ ಮತ ಕೊಡುತ್ತವೆ. ಹಾಗಾದರೆ ಬೆಂಗಳೂರಿನ ಒಂದು ಘಟಕವೇ ನಮ್ಮ ಮೂರೂ ಜಿಲ್ಲೆಯನ್ನು ಮುಳುಗಿಸುತ್ತದೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ನೌಕರಿ, ಸೀಟುಗಳಲ್ಲಿ ಏನು ವ್ಯತ್ಯಾಸ ಆಯಿತು ಅಂತ ನಮಗೆ ಯಾರೂ ಹೇಳಬೇಕಿಲ್ಲ, ಅಲ್ವಾ? ಅದೇ ಧಾಟಿಯಲ್ಲಿ ರಾಜ್ಯ ಸಮಿತಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ಇಂತಿಷ್ಟು ಸ್ಥಾನ ಅಂತ ಕೇಳಿ. ಸ್ಥಾನ ಸಿಕ್ಕರೆ ಪ್ರಯಾಣದ ಖರ್ಚೂ ಬರೆಸಿಕೊಳ್ಳಿ. ರಾಷ್ಟ್ರೀಯ ಸಭೆಗೆ ಅಂತ ರಾಯಚೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದೆಹಲಿ ಸೇರೋಕೆ ಒಂದು ದಿನಕ್ಕೂ ಜಾಸ್ತಿ. ಹೋಗಿ ಬರೋಕೆ ನಾಲ್ಕು ದಿನದ ಕೂಲಿ, ರಜೆ ಕಳೆದುಕೊಳ್ಳೋಕೆ ಆಗದವರು ಸಮಿತಿಯಲ್ಲಿ ಇದ್ದೂ ಇಲ್ಲದಂತೆ. ಆನ್‌ಲೈನ್‌ನಲ್ಲಿ ಬಂದವರನ್ನೂ ಕೋರಂಗೆ ಎಣಿಸಬೇಕು ಅಂತ ಬೈಲಾದಲ್ಲೇ ಇರಲಿ. ನೋಟಿಸು, ನಡಾವಳಿ ಕನ್ನಡದಲ್ಲೂ ಬರಲಿ.

ಕೊನೆಯದು ಬೇರೆಯಾಗುವ ಮಾತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬಂದ ಹಾಗೆಯೇ. ಜಿಲ್ಲಾ ಮಟ್ಟದ ಸಂಘಗಳಿಗೆಲ್ಲ ಒಂದೇ ಪ್ರಶ್ನೆ ಬಂತು: ಹೊಸಪೇಟೆಯ ಸದಸ್ಯರು ಈಗ ಎಲ್ಲಿಯವರು, ಬ್ಯಾಂಕಿನಲ್ಲಿರುವ ಹಣ ಯಾರದು? ಶಾಖೆಯ ಬೈಲಾದಲ್ಲಿ ಇದಕ್ಕೆ ಉತ್ತರ ಇರಬೇಕು. ಜಿಲ್ಲೆ ಒಡೆದರೆ ಸದಸ್ಯರ ಲೆಕ್ಕದಲ್ಲಿ ಹಣ ಹಂಚಿಕೆ, ವಾಹನ ಮತ್ತು ಸಾಮಾನು ಯಾವ ತಾಲ್ಲೂಕಿನಲ್ಲಿ ಬಳಕೆಯಲ್ಲಿದೆಯೋ ಅಲ್ಲಿಗೆ. ಮೇಲಿನವರು ಮಾನ್ಯತೆ ತೆಗೆದರೆ ಮೂರು ತಿಂಗಳ ನೋಟಿಸು, ನಮ್ಮ ಮಾತು ಹೇಳೋಕೆ ಒಂದು ಅವಕಾಶ, ಹೆಸರು ಬದಲಾಯಿಸಿಕೊಳ್ಳೋಕೆ ಸಮಯ. ಊರ ಚಂದಾದಿಂದ ಕೊಂಡ ಆಸ್ತಿ ಊರಿನ ಕೆಲಸಕ್ಕೇ ಉಳಿಯಬೇಕು. ಸಂಘ ಮುಚ್ಚಿದರೂ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಬೇರೆ ಸಂಘಕ್ಕೆ ಹೋಗಬೇಕು ಅಂತ 1960ರ ಕಾಯ್ದೆ ಹೇಳುತ್ತದೆ. ಆ ಬೇರೆ ಸಂಘ ಇದೇ ಜಿಲ್ಲೆಯದ್ದಾಗಿರಬೇಕು ಅನ್ನುವ ಮಾತನ್ನು ನೀವೇ ಸೇರಿಸಿ. ಆಂಬುಲೆನ್ಸ್ ಇದ್ದರೆ ಅದರ ಆರ್‌ಸಿ ಯಾರ ಹೆಸರಲ್ಲಿದೆ ಅಂತ ಇವತ್ತೇ ತೆಗೆದು ನೋಡಿ.